ಕವರು ಎಂದರೆ ಲಕೋಟೆಯಲ್ಲ

ಒಂಬತ್ತು ಪುಟ. ದಪ್ಪ ಕಾಗದ, ಒಂದೇ ಮಗ್ಗುಲಿಗೆ ಮುದ್ರಣ, ಪ್ರತಿ ಪುಟದ ಕೆಳಗೆ ಸಹಿಗೆಂದು ಎಳೆದ ಗೆರೆ. ಕಳೆದ ಮಳೆಗಾಲದಲ್ಲಿ ಇದನ್ನು ನನ್ನ ಮೇಜಿನ ಮೇಲಿಟ್ಟವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತರುಣ. "ದೊಡ್ಡಮ್ಮನ ವೀಲುನಾಮೆ ತಯಾರಾಗಿದೆ ವಕೀಲರೇ. ನೀವು ಒಮ್ಮೆ ಕಣ್ಣಾಡಿಸಿದರೆ ನಾಳೆಯೇ ರಿಜಿಸ್ಟ್ರಿ ಮಾಡಿಸಿ ನಾನು ರಾತ್ರಿ ಬಸ್ಸು ಹಿಡಿಯಬಹುದು" ಎಂದರು. ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲಿ ಕೊಡೆ ಮಡಚಿಕೊಂಡು ಕುಳಿತಿದ್ದರು. ವಯಸ್ಸು ಎಪ್ಪತ್ತೆಂಟು, ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ವೀಲು ಅವರದು, ಬರೆದದ್ದು ಕೃತಕ ಬುದ್ಧಿಮತ್ತೆ.

ಉಡುಪಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಅದರಲ್ಲಿ ಅರ್ಧ ಆಯುಷ್ಯ ಪಾಲುಪಟ್ಟಿ, ವೀಲು, ಹಕ್ಕುಖುಲಾಸೆ (ಹಕ್ಕು ಬಿಟ್ಟುಕೊಡುವ ಪತ್ರ) ಇವುಗಳಲ್ಲೇ ಕಳೆದಿದೆ. (ಗುರುತು ಹತ್ತದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಆ ಕರಡನ್ನು ಓದುತ್ತಾ ಮೂರನೇ ಪುಟಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ. "1953ರ ದಸ್ತಾವೇಜಿನ ಪ್ರಕಾರ ಲಕೋಟೆಗೆ ಸೇರಿದ ಮನೆ" ಎಂದಿತ್ತು. ತರುಣ ಅದಕ್ಕೆ ಕೊಟ್ಟ ಮಾಹಿತಿಯಲ್ಲಿ "ಪಾಲುಪಟ್ಟಿಯಲ್ಲಿ ಕವರಿಗೆ ಬಂದ ಮನೆ" ಎಂದು ಸರಿಯಾಗಿಯೇ ಬರೆದಿದ್ದರು. ಯಂತ್ರ ಕವರು ಎಂಬುದನ್ನು ಅಂಚೆಯ ಕವರು ಎಂದುಕೊಂಡು, ಶುದ್ಧ ಕನ್ನಡವಾಗಲಿ ಎಂಬ ಕಾಳಜಿಯಿಂದ ಲಕೋಟೆ ಮಾಡಿತ್ತು.

ಕರಾವಳಿಯ ಆಚೆಯವರಿಗೆ ಇದು ಹೊಸದಿರಬಹುದು. ನಮ್ಮಲ್ಲಿ ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿದು ಬಂದದ್ದು. ಒಬ್ಬ ಹೆಣ್ಣು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಸೇರಿದ ಕವಲಿಗೆ ಕವರು ಎನ್ನುತ್ತಾರೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ಇದರಲ್ಲಿ ಎರಡು ಬಗೆ ಮಾಡಿತು. ಐವತ್ತು ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರು ಇರುವಾಗ ಪಾಲಾದರೆ ನಿಸ್ಸಂತತಿ ಕವರಿಗೆ ಬಂದದ್ದರಲ್ಲಿ ಜೀವಿತಾವಧಿಯ ಹಕ್ಕು ಮಾತ್ರ. ಇದರ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಲೆಕ್ಕವನ್ನು ಮತ್ತೆ ತಿರುವಿತು. ಕವರಿನಲ್ಲಿರುವ ತನ್ನ ಹಕ್ಕನ್ನು ವೀಲಿನ ಮೂಲಕ ಕೊಡಬಹುದೆಂದು ಅದರ 30ನೇ ಕಲಮಿನ ವಿವರಣೆಯಲ್ಲಿ ಕವರು ಎಂಬ ಶಬ್ದವನ್ನೇ ಬಳಸಿ ಹೇಳಿದ್ದಾರೆ. ಕೊಡಬಹುದು ನಿಜ. ಆದರೆ ಕೊಡುವಷ್ಟು ಹಕ್ಕು ಇದೆಯೇ? ಆ ಮನೆ 1953ರಲ್ಲಿ ಬಂದದ್ದು ಈ ಅಮ್ಮನ ತಾಯಿಯ ಅಕ್ಕನ ಕವರಿಗೆ. ಆಗ ಅವರಿಗೆ ಐವತ್ತು ದಾಟಿತ್ತೇ? ತೀರಿಕೊಂಡದ್ದು ಯಾವ ವರ್ಷ? ಹಳೆಯ ಪಾಲುಪಟ್ಟಿಯ ನಕಲು ತೆಗೆಸಿ, ಕುಟುಂಬದ ಹಿರಿಯರನ್ನು ಕೂರಿಸಿ ವಂಶವೃಕ್ಷ ಬರೆಸಿಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ಕರಡಿನಲ್ಲಿ ಇದು ಒಂದೇ ಸಾಲು: "ನನ್ನ ಸಂಪೂರ್ಣ ಮಾಲೀಕತ್ವದ ಮನೆ".

ಯಂತ್ರವನ್ನು ಹಳಿಯುವುದಕ್ಕೆಂದೇ ಇದನ್ನು ಬರೆಯುತ್ತಿಲ್ಲ. ಅದರ ಭಾಷೆ ನಮ್ಮ ಎಷ್ಟೋ ಪತ್ರ ಬರಹಗಾರರ ಭಾಷೆಗಿಂತ ತಿಳಿಯಾಗಿತ್ತು. ಇಬ್ಬರು ಸಾಕ್ಷಿಗಳು ಬೇಕೆಂದು ಹೇಳಿತ್ತು, ವೀಲನ್ನು ನೋಂದಾಯಿಸುವುದು ಕಡ್ಡಾಯವಲ್ಲ ಎಂಬುದನ್ನೂ ಹೇಳಿತ್ತು. ಎರಡೂ ಸರಿಯೇ. ಆದರೆ ಸಾಕ್ಷಿಗಳು ದೂರದಲ್ಲಿದ್ದರೆ ವೀಡಿಯೊ ಕರೆಯಲ್ಲಿ ನೋಡಿ ಡಿಜಿಟಲ್ ಸಹಿ ಹಾಕಬಹುದು ಎಂದೂ ಸೇರಿಸಿತ್ತು. ಯಾವ ದೇಶದ ಕಾನೂನೋ ಏನೋ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ವೀಲುಗಳನ್ನು ಹೊರಗಿಟ್ಟಿದೆ, ಮತ್ತು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಮಿನ ಪ್ರಕಾರ ಸಾಕ್ಷಿ ವೀಲು ಮಾಡುವವರ ಎದುರಿನಲ್ಲೇ ಸಹಿ ಹಾಕಬೇಕು. ಕರಡಿನ ಇನ್ನೊಂದು ಕಲಮಿನಲ್ಲಿ "ನಾನು ಮುಂದೆ ವಿವಾಹವಾದಲ್ಲಿ ಈ ವೀಲು ರದ್ದಾಗುತ್ತದೆ ಎಂಬ ಅರಿವು ನನಗಿದೆ" ಎಂದಿತ್ತು. ಮದುವೆಯಿಂದ ವೀಲು ರದ್ದಾಗುವ ನಿಯಮ ಕ್ರೈಸ್ತರಿಗೆ, ಪಾರ್ಸಿಗಳಿಗೆ ಇದೆ, ಹಿಂದೂಗಳ ವೀಲಿಗೆ ಇಲ್ಲ. ಅದನ್ನು ಓದಿ ಹೇಳಿದಾಗ ಆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅಂದು ಅವರು ನಕ್ಕದ್ದು ಅದೊಂದೇ ಸಲ.

ಆಸ್ತಿಯ ಪಟ್ಟಿಯಲ್ಲಿ ಮತ್ತೆರಡು ತಮಾಷೆಗಳಿದ್ದವು. ದೈವದ ಭಂಡಾರವನ್ನು, ಅಂದರೆ ಮನೆಯ ದೈವದ ಆರಾಧನೆಯ ಪರಿಕರಗಳನ್ನು, "ಉಗ್ರಾಣದ ದಾಸ್ತಾನು" ಎಂದು ಮಾಡಿ, ಅದರ ಮೊಗವನ್ನೂ (ಮುಖವಾಡ) ಕತ್ತಿಯನ್ನೂ "ಪುರಾತನ ಅಲಂಕಾರಿಕ ವಸ್ತುಗಳು" ಎಂಬ ತಲೆಬರಹದಡಿ ಬೆಳ್ಳಿ ತಟ್ಟೆಯ ಜೊತೆ ಸೇರಿಸಿತ್ತು. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆ ಕೊಡಬೇಕಾದ ಹೊಣೆ ಯಾರದೆಂಬ ಪ್ರಶ್ನೆಯೇ ಇಲ್ಲ. ನಮ್ಮ ಊರಿನಲ್ಲಿ ಮನೆ ಬೇಡವೆಂದು ಬಿಟ್ಟವರಿದ್ದಾರೆ, ತಂಬಿಲ ನಿಂತಿತೆಂದು ದಾವೆ ಹೂಡಿದವರೂ ಇದ್ದಾರೆ. ಇನ್ನು ಕುಮ್ಕಿ. ತೋಟದ ಅಂಚಿನ ಗೇರುಗುಡ್ಡೆಯನ್ನು ಅದು ಸ್ವಂತ ಆಸ್ತಿ ಎಂದು ಸೇರಿಸಿತ್ತು. ಕುಮ್ಕಿ ಸರಕಾರಿ ಜಾಗ. ಪಕ್ಕದ ವರ್ಗದಾರನಿಗೆ, ಅಂದರೆ ಪಟ್ಟಾ ಜಮೀನಿನ ಒಡೆಯನಿಗೆ, ಅಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಇದೆಯೇ ಹೊರತು ವೀಲಿನಲ್ಲಿ ಬರೆದುಕೊಡುವ ಒಡೆತನ ಇಲ್ಲ.

ನಾನು ಎಡವಿದ್ದು ಇದರ ನಂತರ. ಹೊಸ ಕರಡನ್ನು ನಾನೇ ಬರೆದೆ. ಭಾಷೆ ತಿದ್ದಲೆಂದು, ಹೆಸರುಗಳನ್ನು ತೆಗೆದು, ಅದನ್ನು ಇಂಥದೇ ಒಂದು ಯಂತ್ರಕ್ಕೆ ಕೊಟ್ಟೆ. ವಾಕ್ಯಗಳು ಚೆನ್ನಾಗಿಯೇ ಬಂದವು. ಇನ್ನೊಮ್ಮೆ ಓದಿ, ಸರಿ ಎಂದು ಟೈಪಿಗೆ ಕಳಿಸಿದೆ. ನಮ್ಮ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟೈಪ್ ಮಾಡುವ ಅಕ್ಕ ಅರ್ಧ ಗಂಟೆಯಲ್ಲಿ ಎದ್ದು ಬಂದರು. "ಸಾರ್, ಈ ಗುಂಟೆ ನಮ್ಮಲ್ಲಿಗೆ ಯಾವಾಗ ಬಂತು?" ಎಂದು ಕೇಳಿದರು. ಪಹಣಿಯಲ್ಲಿದ್ದ 2.30, ಅಂದರೆ ಎರಡು ಎಕರೆ ಮೂವತ್ತು ಸೆಂಟ್ಸ್, "ಎರಡು ಎಕರೆ ಮೂವತ್ತು ಗುಂಟೆ" ಆಗಿತ್ತು. ಕರ್ನಾಟಕದ ಹೆಚ್ಚಿನ ಕಡೆ ಎಕರೆಗೆ ನಲವತ್ತು ಗುಂಟೆ, ನಮ್ಮ ಕರಾವಳಿಯಲ್ಲಿ ಎಕರೆಗೆ ನೂರು ಸೆಂಟ್ಸ್. ಮೂವತ್ತು ಗುಂಟೆ ಎಂದರೆ ಎಪ್ಪತ್ತೈದು ಸೆಂಟ್ಸ್. ಇಲ್ಲದ ನಲವತ್ತೈದು ಸೆಂಟ್ಸ್ ಅಡಿಕೆ ತೋಟ ಒಂದು ಶಬ್ದದಲ್ಲಿ ಹುಟ್ಟಿಕೊಂಡಿತ್ತು, ಮತ್ತು ನಾನು ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ. ಕಾಗುಣಿತ ತಪ್ಪಿದ ಕರಡಾಗಿದ್ದರೆ ಪೆನ್ಸಿಲ್ ಹಿಡಿದು ಓದುತ್ತಿದ್ದೆ. ಈಗ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಇರುವ ಷೆಡ್ಯೂಲನ್ನು ಯಾವ ಯಂತ್ರಕ್ಕೂ ತೋರಿಸುವುದಿಲ್ಲ. ಪಹಣಿ ಎದುರಿಗಿಟ್ಟು ಒಬ್ಬರು ಓದುತ್ತಾರೆ, ಇನ್ನೊಬ್ಬರು ಬೆರಳಿಟ್ಟು ನೋಡುತ್ತಾರೆ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ಕವರು ಎಂದರೇನೆಂದು ಯಾರಾದರೂ ಕಲಿಸಿದರೆ ಯಂತ್ರ ನಾಳೆ ಕಲಿತೀತು, ಸೆಂಟ್ಸನ್ನೂ ಕಲಿತೀತು. ಕಲಿಸಲಾಗದ್ದು ಮತ್ತೊಂದಿತ್ತು, ಅದು ಆ ಒಂಬತ್ತು ಪುಟಗಳಲ್ಲಿ ಇರಲೇ ಇಲ್ಲ.

ವೀಲಿನ ವಿಷಯದಲ್ಲಿ ನನ್ನದೊಂದು ಹಟವಿದೆ. ಬರೆಸುವವರನ್ನು ಒಂಟಿಯಾಗಿ ಕೂರಿಸಿ ಮಾತನಾಡಿಸದೆ ಪೆನ್ನು ಮುಟ್ಟುವುದಿಲ್ಲ. ಮೊದಲ ದಿನವೇ ತರುಣನಿಗೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬನ್ನಿ ಎಂದೆ. ಅವರು ಹೋದ ಮೇಲೆ ಆ ಅಮ್ಮ ಸ್ವಲ್ಪ ಹೊತ್ತು ಕೊಡೆಯಿಂದ ನೆಲಕ್ಕೆ ತೊಟ್ಟಿಕ್ಕುವ ನೀರನ್ನೇ ನೋಡುತ್ತಿದ್ದರು. ಮಾತು ತುಳುವಿನಲ್ಲಿ ನಡೆಯಿತು.

"ಅವನು ಒಳ್ಳೆಯವನೇ" ಎಂದರು.

ಹೌದಮ್ಮ ಎಂದೆ.

"ಕೇಳಿದ. ಹೇಳಿದೆ. ಮೊಬೈಲಿನಲ್ಲಿ ಬರೆದುಕೊಂಡ."

"ಏನು ಕೇಳಿದರು?"

"ಏನೇನಿದೆ ಎಂದು ಕೇಳಿದ."

"ಯಾರಿಗೆ ಕೊಡಬೇಕೆಂದು?"

ಅವರು ಕಿಟಕಿಯ ಕಡೆ ತಿರುಗಿದರು. "ಅದನ್ನು ಕೇಳಲಿಲ್ಲ."

ಆಮೇಲೆ ಒಂದೊಂದಾಗಿ ಬಂತು. ಪಕ್ಕದ ಊರಿನಲ್ಲಿರುವ ತಂಗಿಯ ಮಗಳು ಎರಡು ವರ್ಷ ಮದ್ದು, ಆಸ್ಪತ್ರೆ ಎಂದು ಓಡಾಡಿದ್ದಳು. ತೋಟದ ಮೂಲೆಯ ಸಣ್ಣ ಮನೆಯಲ್ಲಿ ಮೂವತ್ತು ವರ್ಷಗಳಿಂದ ಇರುವ ಕೆಲಸದವಳಿಗೆ ಐದು ಸೆಂಟ್ಸ್ ಕೊಡಬೇಕೆಂಬ ಆಸೆಯಿತ್ತು. ಗಂಡ ಬದುಕಿದ್ದಾಗ ಅವಳಿಗೆ ಮಾತು ಕೊಟ್ಟಿದ್ದರಂತೆ. ಕರಡಿನಲ್ಲಿ ಆ ಮನೆ "ಖಾಲಿ ಕಟ್ಟಡ".

ತರುಣ ಹಿಂದಿರುಗಿದಾಗ, ಆಪ್‌ಗೆ ನೀವು ಬರೆದ ಮೊದಲ ಸಾಲು ತೋರಿಸುತ್ತೀರಾ ಎಂದು ಕೇಳಿದೆ. ಸಂಕೋಚವಿಲ್ಲದೆ ತೋರಿಸಿದರು. "ನನ್ನ ದೊಡ್ಡಮ್ಮನ ಆಸ್ತಿಯೆಲ್ಲ ನನಗೆ ಬರುವಂತೆ, ಯಾರೂ ಪ್ರಶ್ನಿಸಲಾಗದಂತೆ ವೀಲುನಾಮೆ ಬೇಕು." ಅದರಲ್ಲಿ ಕಪಟ ಇರಲಿಲ್ಲ. ಚಿಕ್ಕಂದಿನಿಂದ ಆ ಮನೆಯಲ್ಲೇ ಬೆಳೆದ ಹುಡುಗ, ಅದು ತನಗೇ ಎಂದು ಎಲ್ಲರೂ ಹೇಳುತ್ತಾ ಬಂದಿದ್ದರು. ಯಂತ್ರ ಹೆಸರು, ವಯಸ್ಸು, ಆಸ್ತಿಯ ಪಟ್ಟಿ ಕೇಳಿ, ಹೇಳಿದಂತೆ ಬರೆದುಕೊಟ್ಟಿತು. ಈ ಮಾತು ಯಾರದು, ವೀಲು ಮಾಡುವವರು ಪಕ್ಕದಲ್ಲಿದ್ದಾರೆಯೇ ಎಂದು ಕೇಳಲಿಲ್ಲ. ಕೇಳಿದ್ದರೂ "ಹೌದು" ಎಂದು ಟೈಪ್ ಮಾಡುತ್ತಿದ್ದುದು ಅದೇ ಬೆರಳು.

ಕೋರ್ಟಿನಲ್ಲಿ ವೀಲು ಬೀಳುವುದು ಹೆಚ್ಚಾಗಿ ಇಂಥ ಕಡೆಯೇ. ನಮ್ಮ ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದ, 1959ರಲ್ಲಿ ವರದಿಯಾದ ವೆಂಕಟಾಚಲ ಅಯ್ಯಂಗಾರ್ ಪ್ರಕರಣವನ್ನು ಇಂದಿಗೂ ವೀಲಿನ ಪ್ರತಿ ದಾವೆಯಲ್ಲೂ ಓದುತ್ತೇವೆ. ಲಾಭ ಪಡೆಯುವವನೇ ವೀಲು ತಯಾರಿಸುವುದರಲ್ಲಿ ಮುಂದಾಗಿ ನಿಂತಿದ್ದರೆ ಅದು ಸಂಶಯದ ಸನ್ನಿವೇಶ, ಆ ಸಂಶಯ ನೀಗಿಸುವ ಹೊರೆಯೂ ಅವನದೇ ಎಂದು ಅದು ಹೇಳುತ್ತದೆ. ಎದುರು ಪಕ್ಷದ ವಕೀಲ ನಾನಾಗಿದ್ದರೆ ಮೊದಲು ಬೇಡುತ್ತಿದ್ದುದು ಆ ಮೊಬೈಲನ್ನೇ. ಮತ್ತು ಎದುರು ಪಕ್ಷ ಇಲ್ಲಿ ಕಲ್ಪನೆಯದಲ್ಲ. ತೋಟ ಗಂಡನಿಂದ ಬಂದದ್ದು. ಮಕ್ಕಳಿಲ್ಲದ ಹಿಂದೂ ಹೆಂಗಸಿಗೆ ಗಂಡನಿಂದ ವಾರಸಾಗಿ ಬಂದ ಆಸ್ತಿ, ವೀಲು ಇಲ್ಲದಿದ್ದರೆ ಅಥವಾ ವೀಲು ಬಿದ್ದುಹೋದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಕಲಮಿನ ಪ್ರಕಾರ ಗಂಡನ ವಾರಸುದಾರರಿಗೆ ಹೋಗುತ್ತದೆ. ಅಂದರೆ ಯಾರೂ ಪ್ರಶ್ನಿಸಲಾಗದಂತೆ ಎಂದು ಬರೆಸಿದ ಆ ಕಾಗದದಿಂದಲೇ ಈ ಹುಡುಗನಿಗೂ ಇಲ್ಲ, ತಂಗಿಯ ಮಗಳಿಗೂ ಇಲ್ಲ, ಕೆಲಸದವಳಿಗೂ ಇಲ್ಲ ಎಂದಾಗುವ ಸಾಧ್ಯತೆ ಇತ್ತು. ಇದನ್ನು ಬಿಡಿಸಿ ಹೇಳಿದಾಗ ತರುಣನ ಮುಖ ಸಣ್ಣದಾಯಿತು. ಬಹಳ ಹೊತ್ತಿನ ಮೇಲೆ, "ಹಾಗಾದರೆ ದೊಡ್ಡಮ್ಮ ಹೇಳಿದಂತೆಯೇ ಬರೆಯಿರಿ, ನಾನು ಇವತ್ತೇ ಹೊರಡುತ್ತೇನೆ" ಎಂದರು. ಹೊರಟರು ಕೂಡ.

ಉಳಿದದ್ದು ಕೆಲಸ. ಐದು ಸೆಂಟ್ಸಿಗೆ ನಕ್ಷೆ ಮಾಡಿಸಿದೆವು. ಮನೆಯ ಬಗ್ಗೆ ಇನ್ನೊಂದು ಕವರಿನ ಹಿರಿಯರು ಹಕ್ಕುಖುಲಾಸೆಗೆ ಒಪ್ಪಿದರು. ಮನೆ ಪಡೆಯುವವರೇ ತಂಬಿಲ ನಡೆಸಬೇಕೆಂದು ವೀಲಿನಲ್ಲಿ ಬರೆದೆವು. ಸಾಕ್ಷಿಗಳ ಆಯ್ಕೆಗೆ ಒಂದಿಡೀ ಸಂಜೆ ಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಳೆಯ ನಿಯಮವೇ ಮುಂದುವರಿದಿದೆ. ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ಬರುವಂತಿದ್ದರೆ ಕಟಕಟೆ ಹತ್ತಿ ವೀಲನ್ನು ರುಜುವಾತು ಮಾಡಬೇಕು. ಅಮ್ಮ ಸೂಚಿಸಿದ ಇಬ್ಬರಿಗೂ ಎಪ್ಪತ್ತು ದಾಟಿತ್ತು. ಕೊನೆಗೆ ಊರಿನ ಸಹಕಾರಿ ಸಂಘದಲ್ಲಿ ಕೆಲಸ ಮಾಡುವ ನಲವತ್ತರ ಒಬ್ಬರು, ಶಾಲೆಯ ಶಿಕ್ಷಕಿ ಒಬ್ಬರು ಒಪ್ಪಿದರು.

ನೋಂದಣಿಯ ದಿನ ತಂಗಿಯ ಮಗಳೂ ಬರಲಿಲ್ಲ, ಬರಬೇಡವೆಂದು ನಾನೇ ಹೇಳಿದ್ದೆ. ಉಪನೋಂದಣಾಧಿಕಾರಿ, ಇದು ನಿಮ್ಮದೇ ಇಚ್ಛೆಯೇ ಅಮ್ಮ ಎಂದು ಕೇಳಿದರು. "ಮತ್ತೆ ಯಾರದು?" ಎಂದರು ಈ ಅಮ್ಮ, ತುಸು ಜೋರಾಗಿಯೇ.

ಕಚೇರಿಗೆ ಹಿಂದಿರುಗಿ ನನ್ನ ಶುಲ್ಕವನ್ನು ಎರಡು ಸಲ ಎಣಿಸಿ ಕೊಟ್ಟರು. ಹೊರಡುವ ಮೊದಲು ಮೇಜಿನ ಮೂಲೆಯಲ್ಲಿದ್ದ ಆ ಒಂಬತ್ತು ಪುಟಗಳನ್ನು ಕೇಳಿದರು. ಯಾಕಮ್ಮ ಎಂದೆ. "ಹಿಂಬದಿಯೆಲ್ಲ ಖಾಲಿ ಇದೆಯಲ್ಲ, ಹಾಲಿನ ಲೆಕ್ಕಕ್ಕೆ ಆಗುತ್ತದೆ" ಎಂದು ಮಡಚಿ ಚೀಲಕ್ಕೆ ಹಾಕಿಕೊಂಡರು.