ಗ್ರಾನೈಟ್ ಪುಡಿ ಹಾಕಿ ಕಾಫಿ ಕಣ ಮಾಡಿಸಿದ್ದು

ನಮ್ದು ಕೊಡಗಿನ ಸುಂಟಿಕೊಪ್ಪ ಕಡೆ ಸಣ್ಣ ತೋಟ, ರೊಬಸ್ಟಾ ಕಾಫಿನೇ ಜಾಸ್ತಿ. ಕಾಫಿ ಒಣಗಿಸೋ ಕಣ ತಾತನ ಕಾಲದಲ್ಲಿ ಸೆಗಣಿ ಸಾರಿಸಿದ್ದು, ಆಮೇಲೆ ಅಪ್ಪ ಸಿಮೆಂಟ್ ಹಾಕ್ಸಿದ್ರು, ಆ ಸಿಮೆಂಟ್ ಈಗ ಒಂದು ಕಡೆ ಪೂರ್ತಿ ಎದ್ದುಹೋಗಿ ಜಲ್ಲಿ ಕಾಣಿಸ್ತಿತ್ತು. ಕಾಫಿ ಎಳೆಯುವಾಗ ಹಲಗೆಗೆ ಕಲ್ಲು ಸಿಕ್ಕಿ ಬೀಜದ ಜೊತೆನೇ ಬರೋದು, ತಗೊಳ್ಳೋರು ಗೊಣಗೋದು, ಪ್ರತಿ ವರ್ಷ ಇದೇ ಪಾಡು. ಈ ಸಲ ಕುಯ್ಲು ಶುರುವಾಗೋಕೆ ಮುಂಚೆ ಮುಗಿಸಿಬಿಡೋಣ ಅಂತ ಮೇಸ್ತ್ರಿಗೆ ಹೇಳಿದ್ದೆ, ಮಳೆನೂ ಸುಮಾರಾಗಿ ನಿಂತಿತ್ತು.

ಕಲ್ಲು ಪುಡಿ ವಿಷಯ ಎತ್ತಿದ್ದು ಅಕ್ಕನ ಮಗಳು. ಸಿವಿಲ್ ಕೊನೇ ವರ್ಷ ಓದ್ತಾಳೆ, ಅವಳ ಪ್ರಾಜೆಕ್ಟೇ ಗ್ರಾನೈಟ್ ಪುಡಿ ಹಾಕಿದ ಕಾಂಕ್ರೀಟ್. "ಮಾವ, ದೊಡ್ಡಮಾವನ ಅಂಗಡಿ ಹಿಂದೆ ರಾಶಿ ಬಿದ್ದಿದೆ, ಸುಮ್ನೆ ಕೊಡ್ತಾರೆ, ಕಣಕ್ಕೆ ಹಾಕೋಣ" ಅಂದ್ಳು. ದೊಡ್ಡಮಾವ ಅಂದ್ರೆ ನನ್ನ ದೊಡ್ಡಪ್ಪನ ಮಗ, ನಂಗೆ ಅಣ್ಣ, ಕುಶಾಲನಗರ ಹತ್ರ ಗ್ರಾನೈಟ್ ಮಾರ್ಬಲ್ ಅಂಗಡಿ ಇಟ್ಕೊಂಡಿದಾನೆ. ಕಟಿಂಗ್ ಮಾಡುವಾಗ ಬ್ಲೇಡ್ ಬಿಸಿ ಆಗಬಾರ್ದು, ಧೂಳೂ ಏಳಬಾರ್ದು ಅಂತ ನೀರು ಬಿಡ್ತಾರಲ್ಲ, ಆ ನೀರು ಪುಡಿ ಎರಡೂ ಸೇರಿ ಬೂದು ಬಣ್ಣದ ರಾಡಿ ಆಗುತ್ತೆ, ಅದೇ ಸ್ಲರಿ. ತೊಟ್ಟಿ ತುಂಬಿದಾಗೆಲ್ಲ ಎತ್ತಿ ಹಿಂದೆ ಸುರೀತಾರೆ. ಮಳೆಗಾಲದಲ್ಲಿ ಅದು ಚರಂಡಿಗೆ ಇಳಿಯುತ್ತೆ, ಚರಂಡಿ ಹೊಳೆಗೆ. 2018, 2019ರಲ್ಲಿ ಕುಶಾಲನಗರದ ಲೇಔಟ್‌ಗಳಿಗೆ ಕಾವೇರಿ ನುಗ್ಗಿದ್ದು ನಮ್ಮ ಕಡೆಯೋರಿಗೆಲ್ಲ ನೆನಪಿದೆ, ಆ ನೀರಲ್ಲಿ ಇಂಥ ರಾಶಿಗಳದ್ದೂ ಪಾಲು ಸೇರಿರಬಹುದು ಅಂತ ಯಾರೂ ಯೋಚನೆ ಮಾಡಲ್ಲ ಅಷ್ಟೇ.

ಹೋಗಿ ನೋಡಿದ್ವಿ. ಮೇಲೆ ಒಣಗಿ ಬಿರುಕು ಬಿಟ್ಟ ಹೆಂಟೆಗಳು, ಒಡೆದ್ರೆ ಒಳಗೆ ಇನ್ನೂ ಹಸಿ. ಒಣಗಿದ್ದನ್ನ ಬೆರಳಲ್ಲಿ ಉಜ್ಜಿದ್ರೆ ರಾಗಿ ಹಿಟ್ಟಿಗಿಂತ ನಯ. ರಾಶಿ ಎರಡು ಬಣ್ಣದಲ್ಲಿತ್ತು, ಒಂದು ಕಡೆ ಬೂದು, ಇನ್ನೊಂದು ಕಡೆ ಬೆಳ್ಳಗೆ. ಇವಳು ಬ್ಯಾಗಿಂದ ಒಂದು ಚಿಕ್ಕ ಬಾಟ್ಲಿ ತೆಗೆದ್ಳು, ನಾನು ಕಾಲೇಜಿನ ಕೆಮಿಕಲ್ ಇರಬೇಕು ಅಂದ್ಕೊಂಡ್ರೆ ನಮ್ಮಕ್ಕನ ಮನೆ ಕಾಚಂಪುಳಿ! ಹಂದಿ ಕರಿಗೆ ಹಾಕೋ ಕಪ್ಪು ಹುಳಿನ ತಂದು ಕಲ್ಲು ಪುಡಿ ಮೇಲೆ ಹನಿ ಹನಿಯಾಗಿ ಬಿಟ್ಳು. ಬಿಳೀ ಪುಡಿ ಸುಂಯ್ ಅಂತ ಸಣ್ಣಗೆ ನೊರೆ ಎದ್ದಿತು, ಬೂದು ಪುಡಿ ಸುಮ್ನೆ ಹೀರ್ಕೊಂಡು ಕೂತಿತು. ಮಾರ್ಬಲ್ ಅಂದ್ರೆ ಸುಣ್ಣದ ಕಲ್ಲಿನ ಜಾತಿ, ಹುಳಿ ಬಿದ್ರೆ ಕರಗುತ್ತೆ, ಗ್ರಾನೈಟ್‌ಗೆ ಏನೂ ಆಗಲ್ಲ. ಕಾಫಿ ಹಣ್ಣಿನ ರಸನೂ ಹುಳಿನೇ, ಅದು ಸಿಮೆಂಟನ್ನೇ ನಿಧಾನಕ್ಕೆ ತಿನ್ನುತ್ತೆ, ಅದರ ಜೊತೆ ಮಾರ್ಬಲ್ ಪುಡಿ ಬೇರೆ ಯಾಕೆ ಅಂತ ಬೂದು ರಾಶಿಯದ್ದು ಮಾತ್ರ ಮೂಟೆಗೆ ತುಂಬಿಸಿದ್ವಿ.

ಮೇಸ್ತ್ರಿ ನೋಡಿ ಮುಖ ಗಂಟು ಹಾಕ್ದ. "ಸಾವ್ಕಾರ್ರೆ, ಸಿಮೆಂಟ್ ಕಮ್ಮಿ ಮಾಡಿ ಕಲ್ಲು ಪುಡಿ ಹಾಕು ಅಂದ್ರೆ ನಂಗಾಗಲ್ಲ, ನಾಳೆ ಒಡೆದ್ರೆ ಹೆಸರು ಹಾಳಾಗೋದು ನಂದು." ತಪ್ಪೇನಿಲ್ಲ ಅವನು ಹೇಳಿದ್ದು. ಅಷ್ಟಕ್ಕೂ ನಾವು ತಂದಿದ್ದು ಪಿಪಿಸಿ ಸಿಮೆಂಟ್, ಅದರಲ್ಲಿ ಆಗ್ಲೇ ಕಲ್ಲಿದ್ದಲು ಸುಟ್ಟ ಹಾರುಬೂದಿ ಸೇರಿರುತ್ತೆ, 15ರಿಂದ 35 ಪರ್ಸೆಂಟ್ ತನಕ. ಇದನ್ನ ಹುಡುಗಿ ಹೇಳಿದಾಗ ಮೇಸ್ತ್ರಿ ಮೂಟೆ ಮೇಲಿದ್ದ ಅಕ್ಷರನ ಮತ್ತೆ ಓದ್ದ, ಇಷ್ಟು ವರ್ಷ ಬೂದಿ ಕಟ್ತಿದ್ನಾ ನಾನು ಅಂತ ನಗಾಡ್ದ. ಆದ್ರೆ ಬೂದಿ ಬೇರೆ, ಇದು ಬೇರೆ. ಹಾರುಬೂದಿ ಸಿಮೆಂಟಿನ ಸುಣ್ಣದ ಜೊತೆ ಸೇರಿ ತಾನೂ ಗಟ್ಟಿಯಾಗುತ್ತೆ, ಗ್ರಾನೈಟ್ ಪುಡಿ ಹಾಗೆಲ್ಲ ಸೇರಲ್ಲ, ಮರಳಿನ ಸಂದೀಲಿ ಕೂತ್ಕೊಂಡು ಜಾಗ ತುಂಬುತ್ತೆ ಅಷ್ಟೇ. ಸಂದಿ ತುಂಬಿದ್ರೆ ಕಾಂಕ್ರೀಟ್ ಒತ್ತಾಗುತ್ತೆ, ನೀರು ಇಳಿಯೋದು ಕಮ್ಮಿ ಆಗುತ್ತೆ, ಅಷ್ಟರ ಮಟ್ಟಿಗೆ ಲಾಭ. ಕಲ್ಲು ಪುಡಿಯಿಂದಲೇ ಸಿಮೆಂಟ್ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದೆಲ್ಲ ಹಾಗಲ್ಲ. ಅದಕ್ಕೆ ಹತ್ರದ್ದು ಅಂದ್ರೆ ಸುಟ್ಟ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ ಎರಡೂ ಸೇರಿಸಿ ಮಾಡೋ ಸಿಮೆಂಟ್, ಅದರಲ್ಲಿ ಕ್ಲಿಂಕರ್, ಅಂದ್ರೆ ಸುಣ್ಣದ ಕಲ್ಲು ಸುಟ್ಟು ಮಾಡೋ ಸಿಮೆಂಟಿನ ಮೂಲ ಮಾಲು, ಅರ್ಧದಷ್ಟು ಸಾಕಂತೆ, 2023ರಲ್ಲಿ ನಮ್ಮಲ್ಲಿ ಐಎಸ್ (ಭಾರತೀಯ ಮಾನಕ) ಸ್ಟಾಂಡರ್ಡೂ ಬಂತು, ಆದ್ರೆ ಅದು ಫ್ಯಾಕ್ಟರೀಲಿ ಆಗೋ ಕೆಲಸ, ಕಣದ ಪಕ್ಕ ಸಲಿಕೆಯಲ್ಲಿ ಆಗೋದಲ್ಲ.

ಕೊನೆಗೆ ರಾಜಿ ಆಯ್ತು. ಸಿಮೆಂಟ್ ಮುಟ್ಟೋದು ಬೇಡ, ಎಂ ಸ್ಯಾಂಡಲ್ಲಿ (ಕಲ್ಲು ಒಡೆದು ಮಾಡೋ ಮರಳು) ಹತ್ತು ಬಾಂಡ್ಲಿಗೆ ಒಂದು ಬಾಂಡ್ಲಿ ತೆಗೆದು ಅಷ್ಟು ಪುಡಿ ಹಾಕೋದು, ಅದೂ ಅರ್ಧ ಕಣಕ್ಕೆ ಮಾತ್ರ, ಉಳಿದರ್ಧ ಮೇಸ್ತ್ರಿ ಲೆಕ್ಕದಲ್ಲಿ. ಅದಕ್ಕೂ ಮುಂಚೆ ಇವಳು ಗಾಜಿನ ಬಾಟ್ಲೀಲಿ ಎಂ ಸ್ಯಾಂಡ್ ಹಾಕಿ ನೀರು ಬಿಟ್ಟು ಅಲ್ಲಾಡ್ಸಿ ಇಟ್ಳು, ಮೇಲೆ ಎಷ್ಟು ಪುಡಿ ನಿಲ್ಲುತ್ತೆ ನೋಡೋಕೆ. ಎಂ ಸ್ಯಾಂಡಲ್ಲೇ 150 ಮೈಕ್ರಾನ್‌ಗಿಂತ ಸಣ್ಣ ಪುಡಿ 20 ಪರ್ಸೆಂಟ್ ತನಕ ಇರಬಹುದು ಅಂತ ಮರಳು ಜಲ್ಲಿಯ ಸ್ಟಾಂಡರ್ಡ್ ಐಎಸ್ 383 ಹೇಳುತ್ತೆ. ನಮ್ಮದು ತೊಳೆದ ಮರಳು, ಪುಡಿ ಕಮ್ಮಿ ಇತ್ತು, ಹಾಗಾಗಿ ಸೇರ್ಸೋಕೆ ಜಾಗ ಇತ್ತು. ತೊಳೀದೆ ಇರೋ ಕ್ರಷರ್ ಡಸ್ಟನ್ನೇ ಮರಳು ಅಂತ ತಂದಿರೋರು ಅದರ ಮೇಲೆ ಇದನ್ನೂ ಸುರಿದ್ರೆ ಕಥೆ ಮುಗೀತು.

ನಿಜವಾದ ಜಗಳ ನೀರಿಂದು. ಪುಡಿ ನಯ ಆದಷ್ಟೂ ನೀರು ಜಾಸ್ತಿ ಕೇಳುತ್ತೆ. ಮಿಕ್ಸರಲ್ಲಿ ಮಾಲು ಗಟ್ಟಿಯಾಗಿ ತಿರುಗೋದು ನೋಡಿ ಹುಡುಗ ಪೈಪ್ ಹಿಡಿದ, ಇವಳು ಓಡಿಹೋಗಿ ಪೈಪ್ ಮಡಚಿ ಹಿಡ್ಕೊಂಡ್ಳು, "ಅಣ್ಣ ನೀರು ಬೇಡ, ಒಂದು ಬಕೆಟ್ ಜಾಸ್ತಿ ಆದ್ರೂ ಸ್ಟ್ರೆಂತ್ ಹೋಯ್ತು" ಅಂತ. ನೀರು ಹಾಕದೇ ಮಾಲು ಸಡಿಲ ಮಾಡೋ ಕೆಮಿಕಲ್, ಪ್ಲಾಸ್ಟಿಸೈಸರ್, ಒಂದು ಚೂರು ಹಾಕಿದ್ಮೇಲೆ ಮಾಲು ತಾನಾಗೇ ಸಡಿಲ ಆಯ್ತು. ಇನ್ನೊಂದು ತಲೆನೋವು ಹೆಂಟೆ. ಜರಡಿ ಹಿಡೀದೆ ಒಂದು ಬಾಂಡ್ಲಿ ಹಾಗೇ ಹೋಗ್ಬಿಟ್ಟಿತ್ತು, ಕರಣೆ ಎಳೆಯುವಾಗ ಮೇಲೆ ಬೂದು ಚುಕ್ಕೆ ಕಾಣಿಸ್ತು, ಮೇಸ್ತ್ರಿ ಕರಣೆ ತುದೀಲಿ ಕುತ್ತಿದ್ರೆ ಮೆತ್ತಗೆ ಜೇಡಿ ಥರ. ಅಷ್ಟೂ ಕೆತ್ತಿ ತೆಗೆಸಿ ಮತ್ತೆ ಹಾಕಿಸ್ದ. ಆಮೇಲಿಂದ ಎಲ್ಲಾ ಒಣಗಿಸಿ ಕುಟ್ಟಿ ಜರಡಿ ಹಿಡಿದೇ ಹಾಕಿದ್ದು, ಜರಡಿ ಹಿಡಿಯೋರಿಗೆ ಮಾಸ್ಕ್ ಕಡ್ಡಾಯ, ಯಾಕಂದ್ರೆ ಗ್ರಾನೈಟಲ್ಲಿ ಸಿಲಿಕಾ ಇರುತ್ತೆ, ಒಣ ಧೂಳು ವರ್ಷಗಟ್ಲೆ ಕುಡಿದ್ರೆ ಸಿಲಿಕೋಸಿಸ್. ಕಲ್ಲು ಕೆಲಸದೋರಿಗೆ ಬರೋ ರೋಗ, ಬಂದ್ರೆ ವಾಸಿ ಆಗಲ್ಲ.

ಗೋಣಿತಾಟು ಹೊದೆಸಿ ಚೆನ್ನಾಗಿ ನೀರು ಕಟ್ಟಿದ್ವಿ. ಕುಯ್ಲಾಯ್ತು, ಕಣದ ಮೇಲೆ ಹಣ್ಣು ಬಿತ್ತು, ಒಣಗ್ತು, ಚೀಲಕ್ಕೂ ಹೋಯ್ತು. ಪುಡಿ ಹಾಕಿದ ಕಡೆ ಬಣ್ಣ ಸ್ವಲ್ಪ ತಿಳಿ, ಹಲಗೆ ನಯವಾಗಿ ಜಾರುತ್ತೆ, ಎಳೆಯೋ ಹೆಂಗಸರು ಮೊದಲು ಆ ಕಡೆಗೇ ಹೋಗ್ತಾರೆ. ಒಂದು ಮೂಲೇಲಿ ಕೂದಲೆಳೆ ಬಿರುಕು ಬಂದಿದೆ, ಆದ್ರೆ ಮೇಸ್ತ್ರಿ ಕಡೆ ಅರ್ಧದಲ್ಲೂ ಇದೆ, ಹಂಗಾಗಿ ಅವನು ಆ ಬಗ್ಗೆ ಮಾತೆತ್ತಲ್ಲ. ಮನೆ ಪಿಲ್ಲರಿಗೆ, ಮೋಲ್ಡಿಂಗಿಗೆ ಹಾಕ್ತೀಯಾ ಅಂದ್ರೆ ಇಲ್ಲ, ಲ್ಯಾಬಲ್ಲಿ ಕಾಂಕ್ರೀಟಿನ ಕ್ಯೂಬ್ ಹಾಕಿ, ಒತ್ತಿ ಒಡೆದು ನೋಡೋ 28 ದಿನದ ಸ್ಟ್ರೆಂತ್ ರಿಪೋರ್ಟ್ ನೋಡ್ದೆ ಹಾಕಲ್ಲ.

ದುಡ್ಡಿನ ಲೆಕ್ಕ ಕೇಳೋರಿಗೆ: ದೊಡ್ಡ ಉಳಿತಾಯ ಏನಿಲ್ಲ. ಮೆಣಸು ಇಳಿಸಿ ಖಾಲಿ ವಾಪಸ್ ಬರೋ ಪಿಕ್‌ಅಪ್‌ನಲ್ಲಿ ಪುಡಿ ಬಂತು, ಹಾಗಾಗಿ ಗಿಟ್ಟಿತು. ಇದನ್ನೇ ಬೆಂಗಳೂರು ಜಿಗಣಿಯಿಂದ ಘಾಟಿ ಹತ್ತಿಸಿ ತರ್ತೀನಿ ಅಂದ್ರೆ ಡೀಸೆಲ್ ಸುಟ್ಟ ಹೊಗೆನೇ ಜಾಸ್ತಿ ಆಗುತ್ತೆ. ಜಗತ್ತಿನ ಇಂಗಾಲದ ಹೊಗೇಲಿ ಸುಮಾರು 7-8 ಪರ್ಸೆಂಟ್ ಸಿಮೆಂಟಿಂದು ಅಂತಾರೆ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಸುಣ್ಣದ ಕಲ್ಲು ಸುಡುವಾಗ ಕಲ್ಲಿಂದಲೇ ಹೊರಡೋದು. ನಾವು ಸಿಮೆಂಟ್ ಕಮ್ಮಿ ಮಾಡ್ಲಿಲ್ವಲ್ಲ, ಹಾಗಾಗಿ ಆ ಪುಣ್ಯ ನಮಗೆ ಬರಲ್ಲ. ಬಂದಿದ್ದು ಇಷ್ಟೇ, ಸ್ವಲ್ಪ ಮರಳು ಉಳೀತು, ಅಣ್ಣನ ಅಂಗಡಿ ಹಿಂದಿನ ರಾಶಿ ಆ ಮಳೆಗಾಲಕ್ಕೆ ಚರಂಡಿಗೆ ಇಳೀಲಿಲ್ಲ.

ಈಗ ತೋಟದ ಕೆಲಸದೋರ ಲೈನ್ ಮನೆ ದಾರಿಗೂ ಹೀಗೇ ಹಾಕ್ಸೋಣ ಅಂತ ಅಣ್ಣಂಗೆ ಫೋನ್ ಮಾಡಿದ್ರೆ, ಸಾಲಿಡ್ ಬ್ಲಾಕ್ ಮಾಡೋನೊಬ್ಬ ಬಂದು ಕೇಳ್ಕೊಂಡು ಹೋಗಿದಾನಂತೆ, "ನೀನು ಮೂಟೆಗೆ ಎಷ್ಟು ಕೊಡ್ತೀಯ ಹೇಳು" ಅಂತಾನೆ.