ಸಹಿ ಹಾಕಿದರೆ ನಾವೇ ಕೈಬಿಟ್ಟ ಹಾಗಲ್ಲವೇ?

ಡಿಎನ್‌ಆರ್ (ಹೃದಯ ನಿಂತರೆ ಮತ್ತೆ ನಡೆಸುವ ಯತ್ನ ಬೇಡವೆಂಬ ವೈದ್ಯರ ಲಿಖಿತ ಆದೇಶ) ಮಾತು ಬಂದಾಗಲೆಲ್ಲ ಮನೆಯವರು ನನ್ನನ್ನು ಕೇಳುವುದು ಇದನ್ನೇ. ನನ್ನ ಉತ್ತರ: ಅಲ್ಲ. ಆ ಹಾಳೆ ಹೇಳುವುದು ಒಂದೇ ಮಾತು, ಹೃದಯ ನಿಂತರೆ ಸಿಪಿಆರ್ (ಎದೆ ಒತ್ತಿ ಹೃದಯವನ್ನು ಮತ್ತೆ ನಡೆಸುವ ಯತ್ನ) ಮಾಡಬೇಡಿ. ಆ್ಯಂಟಿಬಯೋಟಿಕ್, ಡ್ರಿಪ್, ಆಕ್ಸಿಜನ್, ನೋವಿನ ಔಷಧಿ ಯಾವುದೂ ಅದರಿಂದ ನಿಲ್ಲಬಾರದು. ನಿಂತರೆ ಏಕೆಂದು ಕೇಳಿ. ವೆಂಟಿಲೇಟರ್, ಡಯಾಲಿಸಿಸ್, ಊಟ ಕೊಡುವ ಮೂಗಿನ ನಳಿಕೆ ಬೇರೆ ಬೇರೆ ಪ್ರಶ್ನೆಗಳು. ಒಂದೊಂದನ್ನೂ ಬಿಡಿಸಿ ಮಾತಾಡಿ ಬರೆಸಬೇಕು.

ಎದೆ ಒತ್ತುವ ಈ ವಿಧಾನದ ವರದಿ 1960ರಲ್ಲಿ ಪ್ರಕಟವಾಯಿತು. ಅದು ಹೆಚ್ಚು ಫಲ ಕೊಡುವುದು ಹಠಾತ್ತನೆ ನಿಂತ ಹೃದಯಕ್ಕೆ. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಎದೆ 5ರಿಂದ 6 ಸೆಂಟಿಮೀಟರ್ ಕುಸಿಯುವಂತೆ ಒತ್ತಬೇಕು. ಸರಿಯಾಗಿ ಮಾಡಿದರೂ ವಯಸ್ಸಾದವರ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಕ್ಯಾನ್ಸರ್ ಮೈತುಂಬ ಹರಡಿದಾಗ, ಅಂಗಾಂಗಗಳು ಒಂದೊಂದಾಗಿ ಸೋತಾಗ, ಹೃದಯ ನಿಲ್ಲುವುದು ಆ ಕಾಯಿಲೆಯ ಕೊನೆಯ ಹಂತವಾಗಿ. ಒತ್ತಿದರೆ ಕಾಯಿಲೆ ಹೋಗುವುದಿಲ್ಲ.

‘ಎಲ್ಲಾ ಮಾಡಬೇಕಾ?’ ಎಂದು ಕೇಳಿದರೆ ಯಾವ ಮಗಳು ಬೇಡ ಅಂದಾಳು? ಪ್ರಶ್ನೆಯೇ ತಪ್ಪು. ‘ರೋಗಿಯೇ ಎದ್ದು ಕೂತು ತಮ್ಮ ಸ್ಥಿತಿ ನೋಡಿದ್ದರೆ ಏನನ್ನುತ್ತಿದ್ದರು?’ ಎಂದು ಕೇಳಿಕೊಳ್ಳಿ. ಅವರಿಗೆ ಎಚ್ಚರವಿದ್ದರೆ ಅವರನ್ನೇ ಕೇಳಿ. ಕಾರಿಡಾರಿನಲ್ಲಿ ಪಿಸುಗುಟ್ಟಿ ತೀರ್ಮಾನಿಸುವುದು ಅವರಿಗೆ ಮಾಡುವ ಅನ್ಯಾಯ. ಗುರುತು ಹಿಡಿಯುವುದು, ಮಾತು, ಸ್ವಂತ ಕೈಯಲ್ಲಿ ಉಣ್ಣುವುದು: ಯಾವುದು ಹೋದರೆ ಬದುಕು ಬೇಡವೆನಿಸುತ್ತದೆ ಎಂದು ಕೇಳಿ. ದೂರದಲ್ಲಿರುವ ಮಗನನ್ನು ಆಗಲೇ ಫೋನಿನಲ್ಲಿ ಸೇರಿಸಿಕೊಳ್ಳಿ. ಕೊನೆಯ ದಿನ ಬಂದಿಳಿದವರೇ ಹೆಚ್ಚಾಗಿ ಎಲ್ಲವನ್ನೂ ತಿರುವು ಮುರುವು ಮಾಡುವುದು.

ಕಾಗದ ಎಡವುವುದು ಹೀಗೆ: ಮನೆಯವರು ಬರೆದ ಚೀಟಿ ಸಾಮಾನ್ಯವಾಗಿ ಸಾಲದು, ವೈದ್ಯರ ಸಹಿಯ ಆದೇಶ ಬೇಕು. ಅದು ಬೀರುವಿನಲ್ಲಿದ್ದರೆ, ರಾತ್ರಿ ಗಾಬರಿಯಲ್ಲಿ ಕರೆಸಿದ ಆಂಬುಲೆನ್ಸಿನವರು ಒತ್ತಲು ಶುರುಮಾಡುತ್ತಾರೆ. ಹಾಸಿಗೆಯ ಬಳಿ ಕಾಣುವಂತಿಡಿ. ವಾರ್ಡಿನಿಂದ ಐಸಿಯುಗೆ, ಅಲ್ಲಿಂದ ಮನೆಗೆ ಹೋಗುವಾಗ ಆದೇಶವೂ ಜೊತೆಗೆ ಬಂತೇ ಎಂದು ಪ್ರತಿ ಸಲ ಕೇಳಿ. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರ ಜೊತೆ ಮತ್ತೆ ಚರ್ಚಿಸಬೇಕು. ರೋಗಿ ಮನಸ್ಸು ಬದಲಿಸಿದರೆ ಬಾಯಿಮಾತೇ ಸಾಕು.

ಇನ್ನೊಂದು. ಕೊನೆಯ ಗಂಟೆಗಳಲ್ಲಿ ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಕೇಳಿಸುತ್ತದೆ. ಆಂಬುಲೆನ್ಸಿಗೆ ಫೋನ್ ಹೋಗುವುದು ಬಹುಪಾಲು ಆಗಲೇ. ಆ ಸದ್ದು ನುಂಗಲಾಗದೆ ಉಳಿದ ಜೊಲ್ಲಿನದು. ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ, ತಲೆ ತುಸು ಎತ್ತರಿಸಿ, ಒದ್ದೆ ಹತ್ತಿಯಿಂದ ತುಟಿ ಒರೆಸಿ, ಕೈ ಹಿಡಿದು ಕೂರಿ.