ಹಾಯಿ ಕಲಿಕೆ, ಮೂರನೆಯ ಕಂತು: ಹೂಮಳೆಗೆ ಮುಂಚೆ

ಕಳೆದ ಸಲ ಬರೆದಾಗ ಬೋಲೈನ್ ಎಂಬ, ಹಗ್ಗದ ತುದಿಯಲ್ಲಿ ಜಾರದ ಕುಣಿಕೆ ಮಾಡುವ ಗಂಟಿನಲ್ಲಿ ಸಿಕ್ಕಿಕೊಂಡಿದ್ದೆವು. ಈಗ ಮನೆಯ ನಾಲ್ವರೂ ಕಣದ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಹಗ್ಗ ಸುತ್ತಿ, ಕಣ್ಣು ಮುಚ್ಚಿಕೊಂಡೇ ಆ ಗಂಟು ಹಾಕುತ್ತೇವೆ. ಮೆಣಸು ಕೊಯ್ಯಲು ಏಣಿ ಕಟ್ಟುವವರು ಮಾತ್ರ ನಕ್ಕು, ತಮ್ಮ ಗಂಟು ಇನ್ನೂ ಬೇಗ ಬಿಚ್ಚುತ್ತದೆಂದು ತೋರಿಸಿಕೊಟ್ಟರು. ನಿಜವೇ.

ಕಲಿತದ್ದನ್ನು ಮಾಲ್ಡೀವ್ಸ್‌ನ ಕಡಲಲ್ಲಿ ಹಾಯಿದೋಣಿ ನಡೆಸಿ ನೋಡಬೇಕೆಂದಿದ್ದೆವು. ತೊಡಕಿದ್ದದ್ದು ಕಾಲದ್ದು. ಮಾಲ್ಡೀವ್ಸ್‌ನಲ್ಲಿ ಈಶಾನ್ಯದ ಗಾಳಿ ಹದವಾಗಿದ್ದು ಮಳೆ ಕಡಿಮೆಯಿರುವುದು ಜನವರಿಯಿಂದ ಮಾರ್ಚ್‌ವರೆಗೆ. ನಮಗೆ ಆಗಲೇ ಕಾಫಿ ಕೊಯ್ಲು, ಮೆಣಸು, ಅದರ ಬೆನ್ನಿಗೆ ಕಾಫಿ ಹೂ ಅರಳಿಸುವ ಹೂಮಳೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಒಂಬತ್ತು ದಿನ ಸಿಕ್ಕವು. ಮೆಣಸನ್ನು ಬಳ್ಳಿಯಲ್ಲೇ ಬಿಟ್ಟು, ಮಳೆಮಾಪಕವನ್ನು ಅಮ್ಮನಿಗೆ ಒಪ್ಪಿಸಿ ಹೊರಟೆವು.

ರಾಜಧಾನಿ ಮಾಲೆಯಿಂದ ದಕ್ಷಿಣಕ್ಕೆ, ವಾವು ಹವಳದಿಣ್ಣೆಗಳ ಕಡೆಗೆ. 40 ಅಡಿಯ ಕ್ಯಾಟಮರಾನ್, ನೌಕಾಪಡೆಯಿಂದ ನಿವೃತ್ತರಾದ ಭಾವ, ಜೊತೆಗೆ ಅಲ್ಲಿಯವರೇ ಆದ ಕ್ಯಾಪ್ಟನ್. ಚುಕ್ಕಾಣಿ ಕೈಗೆ ಬಂದಾಗ ನಾನು ಸಂಪಾಜೆ ಘಾಟಿಯಲ್ಲಿ ಜೀಪು ತಿರುಗಿಸುವಂತೆ ತಿರುಗಿಸಿದೆ. ದೋಣಿ ತಡವಾಗಿ ಹೊರಳುತ್ತದೆ. ಅಷ್ಟರಲ್ಲಿ ಮತ್ತಷ್ಟು ತಿರುಗಿಸಿರುತ್ತೇವೆ. ಹಿಂದಿನ ನೊರೆ ಹಾವಿನಂತೆ ಬಿದ್ದಿತ್ತು. "ಸ್ವಲ್ಪ ತಿರುಗಿಸಿ ಕಾಯಬೇಕು" ಎಂದರು ಭಾವ, ಮೂರು ದಿನವೂ.

ಎರಡು ಒಡಲಿನ ಈ ದೋಣಿ ಹೆಚ್ಚು ವಾಲುವುದಿಲ್ಲ. ಹೆಂಡತಿಗೆ ಅದೇ ಸಮಾಧಾನ, ಭಾವನಿಗೆ ಅದೇ ಆತಂಕ: ಗಾಳಿ ಮಿತಿಮೀರಿದ್ದು ಮೈಗೆ ತಿಳಿಯುವುದೇ ಇಲ್ಲ. ಗಾಳಿಮಾಪಕ ನೋಡಿಯೇ ಹಾಯಿ ಕುಗ್ಗಿಸಬೇಕು. ನೀರಡಿಯ ಹವಳ ಕಾಣಬೇಕಾದರೆ ಸೂರ್ಯ ಮೇಲಿರಬೇಕು, ಆದ್ದರಿಂದ ಮಧ್ಯಾಹ್ನ ಮೂರು ಗಂಟೆಯೊಳಗೆ ಲಂಗರು.

ಐದನೆಯ ದಿನ, ದಿಣ್ಣೆಗಳ ಪೂರ್ವದ ಆಳಸಮುದ್ರದಲ್ಲಿ, ಮಗಳು ಹೊಗೆ ಎಂದಳು. ಭಾವ ನಂಬಲಿಲ್ಲ. ಮತ್ತೆ ಚಿಮ್ಮಿದಾಗ ಅದು ನೇರವಾಗಿರಲಿಲ್ಲ. ಮುಂದಕ್ಕೆ, ಎಡಕ್ಕೆ ಓರೆಯಾಗಿತ್ತು. ಸ್ಪರ್ಮ್ ತಿಮಿಂಗಿಲ! ಅದರ ಉಸಿರುರಂಧ್ರ ತಲೆಯ ಮುಂತುದಿಯಲ್ಲಿ, ಎಡಬದಿಗಿರುತ್ತದೆ. ದೂರದಲ್ಲೇ ಹಾಯಿ ಇಳಿಸಿ ನಿಂತೆವು. ಮಳೆಯಲ್ಲಿ ನೆಂದು ಬಿದ್ದ ಮರದ ದಿಮ್ಮಿಯಂತೆ ಸುಕ್ಕುಸುಕ್ಕು ಬೆನ್ನು. ಹನ್ನೊಂದು ಉಸಿರು ಎಣಿಸಿದೆವು. ಆಮೇಲೆ ಬೆನ್ನು ಬಾಗಿತು, ಬಾಲ ನೆಟ್ಟಗೆ ಎದ್ದಿತು, ಸದ್ದಿಲ್ಲದೆ ಇಳಿಯಿತು. ಒಂದು ಕಿಲೋಮೀಟರಿಗೂ ಆಳಕ್ಕೆ ಹೋಗಬಲ್ಲ ಪ್ರಾಣಿ. ನಲವತ್ತೇಳು ನಿಮಿಷ ಕಾದೆವು. ಮಗ ನಿದ್ದೆಹೋದ. ಅದು ಮತ್ತೆ ಕಾಣಲಿಲ್ಲ.

ಸಂಜೆ ಫುಲಿದೂ ದ್ವೀಪದಿಂದ ಅಮ್ಮನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ "ಒಂದು ಇಂಚು ಹತ್ತು ಸೆಂಟ್" ಎಂದರು. ಮಳೆಯ ಲೆಕ್ಕ ಅದು; ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು. ತಿಮಿಂಗಿಲದ ಸುದ್ದಿ ಕೇಳಿ, "ಎಷ್ಟು?" ಎಂದರು. ಒಂದೇ ಎಂದೆ.

ಊರಿಗೆ ಬಂದಾಗ ಹಣ್ಣಾದ ಮೆಣಸು ಬುಡದಲ್ಲಿ ಚೆಲ್ಲಿತ್ತು, ತೋಟ ಅರಳಲು ಮೊಗ್ಗು ಉಬ್ಬಿಸಿಕೊಂಡು ನಿಂತಿತ್ತು. ಮಳೆಪುಸ್ತಕ ತೆರೆದೆ. ಆ ದಿನದ ಸಾಲಿನಲ್ಲಿ ಅಮ್ಮನ ಅಕ್ಷರ: ಮಳೆ 1.10. ತಿಮಿಂಗಿಲ 1.